ನಾಲ್ಕು ಗಂಟೆಯ ಲಾಟೀನು

ಇಂದಿರಕ್ಕ ನನ್ನ ವಾರಗಿತ್ತಿ, ಗಂಡನ ಅಣ್ಣನ ಹೆಂಡತಿ. ಎದುರಿಗೆ ‘ಅಕ್ಕಾ, ನೀವು’ ಎನ್ನುತ್ತೇನೆ, ಮನಸ್ಸಿನಲ್ಲಿ ಏಕವಚನ. ಇಲ್ಲಿ ಹೇಳುತ್ತಿರುವುದು ಮನಸ್ಸಿನ ಮಾತಾದ್ದರಿಂದ ಏಕವಚನವೇ ಇರಲಿ.

ಆಗ ಮೂರು ವರ್ಷದಿಂದ ನಾನು ಮತ್ತು ನನ್ನ ಗಂಡ ವಿಶ್ವಾಸ್ ಈ ಹೊರದೇಶದ ಊರಿನ ಆಲ್ಬನಿ ಬಡಾವಣೆಯಲ್ಲಿ ಅವಳ ಮನೆಯ ಕೆಳಗಿನ ಕೋಣೆಯಲ್ಲಿದ್ದೆವು. ಭಾವ ಗುರುರಾಜ್ ಸಾಫ್ಟ್‌ವೇರಿನವರು, ಹೆಂಡತಿಯ ಎದುರು ಬಾಯಿಲ್ಲದ ಮನುಷ್ಯ. ಮನೆಗೆ ಯಾರೇ ಬರಲಿ, ಇಂದಿರಕ್ಕ ನನ್ನನ್ನು ಪರಿಚಯ ಮಾಡಿಸುವುದು ಒಂದೇ ರೀತಿ: ‘ಇವಳು ವಸು, ಸದ್ಯಕ್ಕೆ ನಮ್ಮ ಜೊತೆ ಇದಾಳೆ.’ ಮೂರು ವರ್ಷ ಸದ್ಯಕ್ಕೆ. ಫ್ರಿಜ್ಜಿನಲ್ಲಿ ಎಲ್ಲಕ್ಕಿಂತ ಕೆಳಗಿನ ಖಾನೆ ನಮ್ಮದು. ನಾನು ಮಾಡಿದ ಹುಳಿಯನ್ನು ಬಡಿಸಿಕೊಳ್ಳುವ ಮೊದಲು ಅವಳು ಒಂದು ಸೌಟು ಎತ್ತಿ, ಮೆಲ್ಲಗೆ ಪಾತ್ರೆಗೇ ಸುರಿದು, ಅದು ಎಷ್ಟು ನೀರಾಗಿದೆ ಎಂದು ನೋಡುತ್ತಿದ್ದಳು. ಏನೂ ಹೇಳುತ್ತಿರಲಿಲ್ಲ. ಬೈದಿದ್ದರೆ ತಿರುಗಿಸಿ ಬೈಯಬಹುದಿತ್ತು. ಅವಳು ಆ ಅವಕಾಶವನ್ನೂ ಕೊಡಲಿಲ್ಲ.

ವಿಶ್ವಾಸ್ ಎಂಜಿನಿಯರ್ ಆಗಿದ್ದ ಕಂಪನಿ ಹಿಂದಿನ ವರ್ಷ ಅರ್ಧಕ್ಕರ್ಧ ಜನರನ್ನು ತೆಗೆದಿತ್ತು. ಈಗ ಅವನು ಏರ್‌ಪೋರ್ಟ್ ಹತ್ತಿರದ ಸರಕಿನ ಶೆಡ್ಡಿನಲ್ಲಿ ಪಾಳಿಯ ಮೇಲೆ ದುಡಿಯುತ್ತಿದ್ದ. ಅದೊಂದನ್ನೇ ನಂಬಿ ಯಾರೂ ನಮಗೆ ಮನೆ ಬಾಡಿಗೆಗೆ ಕೊಡುತ್ತಿರಲಿಲ್ಲ. ನನಗೂ ಒಂದು ಕಾಯಂ ಕೆಲಸದ ಲೆಟರ್ ಸಿಕ್ಕಿದರೆ ಊರಿನ ಇನ್ನೊಂದು ತುದಿಯ ಪಾಪಟೋಟೊಯಿಯಲ್ಲಿ, ಸ್ಟೇಷನ್ ಹತ್ತಿರ, ಎರಡು ಕೋಣೆಯ ಫ್ಲ್ಯಾಟು ಹಿಡಿಯಬಹುದಿತ್ತು. ನನಗೆ ಬೇಕಾಗಿದ್ದದ್ದು ಆ ಲೆಟರ್. ಕೀರ್ತಿಯಲ್ಲ, ಸಾಧನೆಯಲ್ಲ. ನನ್ನ ಹುಳಿಯನ್ನು ಯಾರೂ ಸೌಟಿನಲ್ಲಿ ಎತ್ತಿ ನೋಡದ ಒಂದು ಅಡುಗೆಮನೆ.

ಆರು ತಿಂಗಳ ಪರೀಕ್ಷಾವಧಿಗೆಂದು ನಾನು ಸೇರಿದ್ದ ಕೆಲಸ ಇದ್ದದ್ದು ಸೇತುವೆಯಾಚೆಯ ಹಿಲ್ಸ್‌ಬರೋದಲ್ಲಿ, ಕ್ರೈಸ್ತ ಸನ್ಯಾಸಿನಿಯರ ಒಂದು ಹಳೆಯ ಕಾನ್ವೆಂಟಿನ ಚಾಪೆಲ್‌ನಲ್ಲಿ, ಅಂದರೆ ಅವರ ಪ್ರಾರ್ಥನಾ ಮಂದಿರದಲ್ಲಿ. ಈಗ ಅದು ಚಿಕ್ಕ ಮ್ಯೂಸಿಯಂ. ಒಳಗಿರುವುದು ಹದಿನೈದು ಗಾಜಿನ ಲಾಟೀನುಗಳು, ಬೇರೇನೂ ಇಲ್ಲ. ಹಿಂದಿನ ಕಾಲದಲ್ಲಿ ಅಕ್ಟೋಬರ್ ತಿಂಗಳ ಸಂಜೆಗಳಲ್ಲಿ ಕ್ಯಾಥೊಲಿಕ್ ಜನ ಜಪಮಾಲೆಯ ಪ್ರಾರ್ಥನೆ ಹೇಳುತ್ತಾ ಗುಡ್ಡ ಸುತ್ತುತ್ತಿದ್ದರಂತೆ. ಜಪದ ಹದಿನೈದು ಭಾಗಕ್ಕೆ ಹದಿನೈದು ಲಾಟೀನು. ಬಣ್ಣದ ಗಾಜಿನ ಚೂರುಗಳನ್ನು ಸೀಸದ ಪಟ್ಟಿಯಿಂದ ಕೂಡಿಸಿ, ಏಸುವಿನ ಕಥೆಯನ್ನು ಚಿತ್ರವಾಗಿ ಬಿಡಿಸಿ, ಉದ್ದ ಕೋಲಿನ ತುದಿಗೆ ಕೂರಿಸಿದವು. ಒಂದೊಂದನ್ನೂ ಇಬ್ಬರು ಹೊರಬೇಕು. ಮೆರವಣಿಗೆ ನಿಂತು ನಲವತ್ತು ವರ್ಷವಾಗಿದೆ, ಲಾಟೀನುಗಳು ಉಳಿದಿವೆ. ಈಗ ಹದಿನಾಲ್ಕರ ಒಳಗೆ ಬಲ್ಬು. ಮೂರನೆಯದರಲ್ಲಿ ಮಾತ್ರ, ಮೇರಿಮಾತೆ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡಿರುವ ಲಾಟೀನಿನಲ್ಲಿ, ಶನಿವಾರ ನಾಲ್ಕು ಗಂಟೆಗೆ ನಿಜವಾದ ಮೇಣದಬತ್ತಿ ಹಚ್ಚುತ್ತಾರೆ. ಪರದೆ ಎಳೆದು ಹತ್ತು ನಿಮಿಷ ಉರಿಸಿ ಆರಿಸುವುದು. ಅದಕ್ಕಾಗಿಯೇ ಜನ ಬರುತ್ತಾರೆ.

ಮ್ಯೂಸಿಯಂ ನೋಡಿಕೊಳ್ಳುವ ಕೊಲೀನ್ ಎಪ್ಪತ್ತರ ಹತ್ತಿರದ ಹೆಂಗಸು. ಚಿಕ್ಕವಳಿದ್ದಾಗ ಅದೇ ಮೆರವಣಿಗೆಯಲ್ಲಿ ನಡೆದವಳು. ಮೊದಲ ದಿನವೇ ನನಗೆ ಎರಡು ಮಾತು ಹೇಳಿದ್ದಳು. ಬೆಂಕಿ ಉರಿಯುವಷ್ಟು ಹೊತ್ತು ಅದರ ಹೊಣೆ ನಿನ್ನದು, ಬೇರೆ ಯಾರ ಕೈಯೂ ಹತ್ತಿರ ಬರಕೂಡದು. ಎರಡನೆಯದು, ಕಾದ ಗಾಜಿಗೆ ಒಂದು ಹನಿ ನೀರೂ ತಾಗಕೂಡದು. ಒಮ್ಮೆ ಮೆರವಣಿಗೆಯಲ್ಲಿ ಮಳೆ ಬಂದು ಒಡೆದ ಕೆಂಪು ಗಾಜಿನ ಚೂರನ್ನು ಅವಳು ಡ್ರಾಯರಿನಲ್ಲಿ ಇಟ್ಟುಕೊಂಡಿದ್ದಳು, ಅದನ್ನು ನನ್ನ ಅಂಗೈಯಲ್ಲಿಟ್ಟು ತೋರಿಸಿದಳು. ಮೈಸೂರಿನಲ್ಲಿ ಕೆಮಿಸ್ಟ್ರಿ ಎಂ.ಎಸ್ಸಿ. ಮಾಡಿದವಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೂ ಹೊಸಬಳಂತೆ ಕೇಳಿಸಿಕೊಂಡೆ.

ಬತ್ತಿ ಆರಿಸಲು ಉದ್ದ ಹಿಡಿಯ ಹಿತ್ತಾಳೆ ಟೊಪ್ಪಿಯೊಂದಿತ್ತು. ಲಾಟೀನಿನ ಪುಟ್ಟ ಬಾಗಿಲು ತೆಗೆದು ಉರಿಯ ತಲೆಗೆ ಅದನ್ನು ಕವುಚಿ ಹಾಕಬೇಕು. ಮೊದಲ ಶನಿವಾರ ಟೊಪ್ಪಿಯನ್ನು ಎರಡು ಸಲ ಎತ್ತಿ ಇಳಿಸಿದೆ. ನಮ್ಮಲ್ಲಿ ದೀಪವನ್ನು ಊದಿ ಆರಿಸುವುದಿಲ್ಲ, ಅದರ ತಲೆಗೆ ಬಡಿಯುವುದಂತೂ ಇಲ್ಲವೇ ಇಲ್ಲ. ಹೂವನ್ನು ಹಾಲಿನಲ್ಲಿ ಅದ್ದಿ ಬತ್ತಿಗೆ ತಾಗಿಸಿ ಶಾಂತ ಮಾಡುವುದು. ಮನಸ್ಸಿನಲ್ಲೇ ತಪ್ಪಾಯಿತು ಎಂದುಕೊಂಡು ಟೊಪ್ಪಿ ಹಾಕಿದೆ. ನಾಲ್ಕನೆಯ ವಾರಕ್ಕೆ ತಪ್ಪಾಯಿತು ಎನ್ನುವುದನ್ನೂ ಮರೆತೆ.

ಅಕ್ಟೋಬರಿನಲ್ಲಿ ನನ್ನ ಆರು ತಿಂಗಳು ಮುಗಿಯಿತು. ಕಾಯಂ ಮಾಡುವುದೋ ಬಿಡುವುದೋ ಎಂದು ಸೋಮವಾರ ಸಭೆ. ಅದರ ಹಿಂದಿನ ಶನಿವಾರ ಅಲ್ಲಿ ಕೆಲಸ ಮಾಡುವವರು ತಮ್ಮ ಮನೆಯವರನ್ನು ಕರೆತರುವ ದಿನ. ವಿಶ್ವಾಸ್‌ಗೆ ಪಾಳಿ ತಪ್ಪಿಸಲಾಗಲಿಲ್ಲ. ಭಾವ ಅಪರೂಪಕ್ಕೆ ಬಾಯಿ ಬಿಟ್ಟು, ಇಂದಿರಾ ಹೋಗಲಿ, ಕಾರಿನಲ್ಲಿ ಬಿಟ್ಟ ಹಾಗೂ ಆಗುತ್ತೆ, ಎರಡು ಬಸ್ಸು ಬದಲಿಸುವುದು ತಪ್ಪುತ್ತೆ ಎಂದರು. ಅವರು ಸುಮ್ಮನಿದ್ದರೇ ಚೆನ್ನಾಗಿತ್ತು.

ದಾರಿಯಲ್ಲಿ ಅವಳು ಪರಿಚಯದ ಲೀಲಾವತಿ ಆಂಟಿಯ ಜೊತೆ ಫೋನಿನಲ್ಲಿ ಸ್ಪೀಕರ್ ಹಾಕಿಕೊಂಡು ಮಾತಾಡಿದಳು. ಎಲ್ಲಿಗೆ ಹೊರಟಿರಿ ಎಂದು ಆಂಟಿ ಕೇಳಿದರು. ವಸು ಚರ್ಚಲ್ಲಿ ಗಾಜು ಒರೆಸುತ್ತಾಳಲ್ಲ, ಅದನ್ನ ನೋಡೋಕೆ ಎಂದಳು. ಪಕ್ಕದ ಸೀಟಿನಲ್ಲಿ ನಾನಿದ್ದೆ.

ಚಾಪೆಲ್ ಬಾಗಿಲಲ್ಲಿ ಅವಳು ಚಪ್ಪಲಿ ಬಿಟ್ಟಳು. ಬೇಕಾಗಿಲ್ಲ ಎಂದು ಕೊಲೀನ್ ಹೇಳಿದರೂ ಕೇಳದೆ ಬರಿಗಾಲಲ್ಲೇ ಒಳಗೆ ಬಂದಳು. ಇನ್ನೂ ಆರು ಜನ ಸೇರಿದ್ದರು. ನಾನು ಒಂದೊಂದೇ ಲಾಟೀನು ತೋರಿಸುತ್ತಾ ಹೋದೆ. ಎರಡನೆಯದರ ಹತ್ತಿರ ಅವಳು ನನ್ನ ಇಂಗ್ಲಿಷ್ ಉಚ್ಚಾರಣೆ ತಿದ್ದಿದಳು. ಏಳನೆಯದರ ಹತ್ತಿರ ಇನ್ನೊಂದು ಸಲ. ಎರಡು ಸಲವೂ ನಗುನಗುತ್ತಾ. ಹನ್ನೊಂದನೆಯದರ ಹತ್ತಿರ ಕೊಲೀನ್ ಕಡೆ ತಿರುಗಿ, ಇವಳ ಕೈಗೆ ಗಾಜು ಕೊಟ್ಟಿದ್ದೀರಲ್ಲ, ನಿಮಗೆ ಧೈರ್ಯ ಜಾಸ್ತಿ, ನಮ್ಮ ಮನೆಯಲ್ಲಿ ಹೋದ ತಿಂಗಳೇ ಎರಡು ಲೋಟ ಹೋದವು ಎಂದಳು. ಎಲ್ಲರೂ ನಕ್ಕರು. ಕೊಲೀನ್ ಕೂಡ ನಕ್ಕಳು, ಆದರೆ ನಕ್ಕ ಮೇಲೆ ಒಮ್ಮೆ ನನ್ನ ಕೈಗಳ ಕಡೆ ನೋಡಿದಳು. ಸೋಮವಾರದ ಸಭೆಯಲ್ಲಿ ಆ ನೋಟವೂ ಕೂತಿರುತ್ತದೆ ಎಂದುಕೊಂಡೆ. ಆ ಲೋಟಗಳಲ್ಲಿ ಒಂದನ್ನು ಒಡೆದದ್ದು ಅವಳೇ.

ನಾಲ್ಕು ಗಂಟೆಗೆ ಪರದೆ ಎಳೆದೆ, ಬಲ್ಬುಗಳನ್ನು ಆರಿಸಿದೆ, ಮೂರನೆಯ ಲಾಟೀನಿನ ಬತ್ತಿ ಹಚ್ಚಿದೆ. ಬಲ್ಬಿನಲ್ಲಿ ಸುಮ್ಮನೆ ಕೂತಿರುವ ಮೇರಿಯ ನೀಲಿ ಸೆರಗು ಬತ್ತಿಯಲ್ಲಿ ಉಸಿರಾಡುತ್ತದೆ. ಆ ನೀಲಿ ಬೆಳಕು ನೆಲದ ಮೇಲೆ ಬಂತು, ಇಂದಿರಕ್ಕನ ಬರಿಗಾಲ ಮೇಲೆ ಬಂತು. ಅವಳು ಮಾತು ನಿಲ್ಲಿಸಿದಳು. ಆಮೇಲೆ ಕೈ ಮುಗಿದಳು. ನಾಟಕವಲ್ಲ, ಅವಳ ಕಣ್ಣು ನಿಜವಾಗಿಯೂ ತುಂಬಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ನನಗೆ ಅದನ್ನೇ ಸಹಿಸಲಾಗಲಿಲ್ಲ. ಆ ಲಾಟೀನು ನನ್ನದು, ಅದನ್ನು ನೋಡಿ ಮನಸ್ಸು ಕರಗುವ ಹಕ್ಕು ಇವಳಿಗೆ ಕೊಟ್ಟವರು ಯಾರು ಎನ್ನಿಸಿತು.

ಹತ್ತು ನಿಮಿಷವಾದ ಮೇಲೆ ಕೊಲೀನ್ ಎಲ್ಲರನ್ನೂ ಹಿಂದಿನ ಕೋಣೆಗೆ ಟೀಗೆ ಕರೆದೊಯ್ದಳು. ಇಂದಿರಕ್ಕ ಕದಲಲಿಲ್ಲ. ನಾನು ಲಾಟೀನಿನ ಬಾಗಿಲು ತೆಗೆದು ಟೊಪ್ಪಿ ಕೈಗೆತ್ತಿಕೊಂಡೆ.

‘ಏನ್ ಮಾಡ್ತಿದೀಯ?’ ಎಂದಳು.

ಆರಿಸಬೇಕು ಎಂದೆ.

‘ಅದನ್ನ ತಲೆಗೆ ಬಡಿದಾ? ಶನಿವಾರ ಸಂಜೆ, ಮುತ್ತೈದೆ ನೀನು. ಹೂವಿಲ್ವಾ ಇಲ್ಲಿ?’

ಗೋಡೆ ಬದಿಯ ಮೇರಿಯ ವಿಗ್ರಹದ ಕಾಲ ಬಳಿ ಹೂದಾನಿಯಲ್ಲಿ ಬಿಳಿ ಸೇವಂತಿಗೆ ಇತ್ತು. ಅವಳು ಅಲ್ಲಿಗೆ ಹೋಗಿ ಒಂದನ್ನು ಕಿತ್ತಳು. ಮನೆಯಲ್ಲಾದರೆ ಹಾಲು, ಇಲ್ಲಿ ಹಾಲೆಲ್ಲಿ ಬರಬೇಕು, ಹೂದಾನಿಯ ನೀರಿನಲ್ಲೇ ಅದನ್ನು ಚೆನ್ನಾಗಿ ಅದ್ದಿದಳು. ಅಲ್ಲಿಂದ ಲಾಟೀನಿಗೆ ಏಳೆಂಟು ಹೆಜ್ಜೆ. ಹೂವಿನಿಂದ ನೀರು ತೊಟ್ಟಿಕ್ಕುತ್ತಿತ್ತು, ಮರದ ನೆಲದ ಮೇಲೆ ಒಂದೊಂದೇ ಹನಿ ಬೀಳುವುದು ನನಗೆ ಕಾಣಿಸುತ್ತಿತ್ತು.

ಬೇಡ ಎನ್ನಲು ಒಂದು ಹೆಜ್ಜೆಯ ಸಮಯ ಸಾಕು. ನನಗೆ ಏಳೆಂಟು ಹೆಜ್ಜೆಯ ಸಮಯವಿತ್ತು. ಗೊತ್ತಾಗಲಿಲ್ಲ, ಗಾಬರಿಯಾಯಿತು, ನಾಲಿಗೆ ಹೊರಳಲಿಲ್ಲ ಎಂದೆಲ್ಲ ನಾನು ಆಮೇಲೆ ನನಗೇ ಹೇಳಿಕೊಂಡಿದ್ದೇನೆ. ಸುಳ್ಳು. ಒಡೆಯಲಿ ಎಂದುಕೊಂಡೆ. ಆ ಎರಡು ಲೋಟದ ಲೆಕ್ಕ ಇಲ್ಲಿ ತೀರಲಿ, ಕೊಲೀನ್ ಎದುರು ಇವಳ ಮುಖ ಒಮ್ಮೆ ಸಣ್ಣಗಾಗಲಿ ಎಂದುಕೊಂಡೆ. ಅಷ್ಟೇ ಅಲ್ಲ, ಅವಳಿಗೆ ಅಡ್ಡವಾಗದ ಹಾಗೆ ಪಕ್ಕಕ್ಕೆ ಸರಿದು ದಾರಿ ಬಿಟ್ಟೆ.

ಅವಳು ಬಾಗಿಲೊಳಗೆ ಕೈ ಹಾಕಿ ಹೂವನ್ನು ಬತ್ತಿಗೆ ತಾಗಿಸಿದಳು. ಚುಯ್ ಎಂದು ಆರಿತು. ಕೈ ಹೊರಗೆ ತೆಗೆಯುವಾಗ ಹೂವು ಗಾಜಿಗೆ ಸವರಿತು. ಹುರಿಗಡಲೆ ಹಲ್ಲಿಗೆ ಸಿಕ್ಕಿದಷ್ಟೇ ಸದ್ದು. ಮೇರಿಯ ನೀಲಿ ಸೆರಗಿನ ಉದ್ದಕ್ಕೂ, ಹೆಗಲಿಂದ ಮಗುವಿನ ತಲೆಯವರೆಗೆ, ಒಂದು ಬಿರುಕು ಎದ್ದಿತು.

ಕೊಲೀನ್ ಟೀ ಕಪ್ಪು ಹಿಡಿದುಕೊಂಡೇ ಬಂದಳು. ಅವಳ ಹಿಂದೆ ಉಳಿದವರೂ ಬಂದರು. ಅವಳು ಬಿರುಕು ನೋಡಿದಳು, ಇಂದಿರಕ್ಕನ ಕೈಯ ಒದ್ದೆ ಹೂವು ನೋಡಿದಳು, ಆಮೇಲೆ ನನ್ನ ಕೈಯಲ್ಲಿದ್ದ ಟೊಪ್ಪಿ ನೋಡಿದಳು. ಅವಳು ಇಂದಿರಕ್ಕನನ್ನು ಏನೂ ಕೇಳಲಿಲ್ಲ. ನನ್ನನ್ನು ಕೇಳಿದಳು, ನೀನು ಎಲ್ಲಿ ನಿಂತಿದ್ದೆ ಎಂದು.

ಆಗ ನನ್ನ ತಲೆಗೆ ಹೋಯಿತು. ಬೆಂಕಿ ಉರಿಯುವಷ್ಟು ಹೊತ್ತು ಹೊಣೆ ನನ್ನದು. ಯಾರ ಕೈ ತಾಗಿ ಒಡೆದರೂ ಒಡೆದದ್ದು ನನ್ನ ಕೈಯಲ್ಲೇ. ಇಷ್ಟು ಸಣ್ಣ ವಿಷಯ ನನ್ನ ಸಿಟ್ಟಿಗೆ ಹೊಳೆದೇ ಇರಲಿಲ್ಲ. ಲೆಟರ್ ಹೋಯಿತು, ಫ್ಲ್ಯಾಟ್ ಹೋಯಿತು, ಇನ್ನೊಂದು ಮೂರು ವರ್ಷ ಸದ್ಯಕ್ಕೆ.

ಇಂದಿರಕ್ಕ ಒಮ್ಮೆ ನನ್ನ ಮುಖ ನೋಡಿದಳು. ಆಮೇಲೆ ತನ್ನ ಚೊಕ್ಕ ಇಂಗ್ಲಿಷಿನಲ್ಲಿ, ಎಲ್ಲರಿಗೂ ಕೇಳುವಂತೆ, ತಪ್ಪು ತನ್ನದೇ ಎಂದಳು. ವಸು ಎರಡು ಸಲ ಬೇಡ ಎಂದಳು, ಕೈಯನ್ನೂ ಹಿಡಿಯಲು ಬಂದಳು, ನಾನೇ ಅವಳನ್ನು ತಳ್ಳಿ ಮುಂದೆ ಹೋದೆ, ನಮ್ಮ ಮನೆಯಲ್ಲಿ ದೀಪ ಹೀಗೇ ಶಾಂತ ಮಾಡುವುದು, ಅವಳ ಮಾತು ಕೇಳಬೇಕಾಗಿತ್ತು ಎಂದಳು. ಕೊಲೀನ್ ಕಪ್ಪನ್ನು ಕೆಳಗಿಟ್ಟಳು. ಆಮೇಲೆ ಬಂದು ನನ್ನ ಭುಜದ ಮೇಲೆ ಕೈಯಿಟ್ಟಳು. ಇಂದಿರಕ್ಕನ ಕಡೆ ತಿರುಗಿ, ನೀವು ಇನ್ನು ಹೊರಡುವುದು ಒಳ್ಳೆಯದು ಎಂದಳು. ಆರು ಜನ ಕಪ್ಪು ಹಿಡಿದುಕೊಂಡು ನೋಡುತ್ತಿದ್ದಂತೆ ಇಂದಿರಕ್ಕ ತಲೆ ತಗ್ಗಿಸಿ ಬಾಗಿಲಿಗೆ ಹೋದಳು, ಬಗ್ಗಿ ಚಪ್ಪಲಿ ಹಾಕಿಕೊಂಡಳು. ಅವಳ ಮುಖ ಸಣ್ಣಗಾಗಿತ್ತು. ನಾನು ಬಯಸಿದ್ದು ಅದನ್ನೇ, ಆದರೆ ನೋಡಲಾಗದೆ ಟೊಪ್ಪಿಯನ್ನು ಒರೆಸುತ್ತಾ ನಿಂತೆ.

ಬೀಗ ಹಾಕಿ ಹೊರಗೆ ಬಂದಾಗ ಅವಳು ಕಾರಿನಲ್ಲಿ ಕಾಯುತ್ತಿದ್ದಳು. ಕಾರು ಊರಿನ ದೊಡ್ಡ ಸೇತುವೆ, ಹಾರ್ಬರ್ ಬ್ರಿಜ್ ಹತ್ತಿತು. ಬ್ರಿಜ್ ಮೇಲೆ ಅವಳು ರಸ್ತೆ ನೋಡುತ್ತಲೇ ಹೇಳಿದಳು.

‘ನೀರು ತೊಟ್ಟಿಕ್ತಿದ್ದಿದ್ದು ನೀನು ನೋಡ್ದೆ. ಒಡೆಯತ್ತೆ ಅಂತ ನಿಂಗೆ ಗೊತ್ತಿತ್ತು. ನಂಗೆ ದಾರಿ ಬಿಟ್ಟೆ.’

‘ಹೂಂ,’ ಎಂದೆ. ‘ಮತ್ತೆ ಯಾಕೆ ಹಂಗೆ ಹೇಳಿದ್ರಿ ಅಕ್ಕಾ?’ ಎಂದು ಕೇಳಿದೆ.

‘ನಿನ್ ಮೇಲೆ ಪ್ರೀತಿ ಅಂದ್ಕೋಬೇಡ. ಕೆಲಸ ಹೋದ್ರೆ ನೀನು ನಮ್ಮನೇಲೇ ಉಳ್ಕೋತೀಯ. ನಾನು ನಿನ್ ಮೇಲೆ ಏನೇನೋ ಅಂದಿರಬಹುದು, ಎದುರಿಗೇ ಅಂದಿದೀನಿ. ನೀನು ಸುಮ್ನೆ ನೋಡ್ತಾ ನಿಂತ್ಕೋತೀಯ. ಒಲೆ ಉರಿಯೋ ಮನೇಲಿ ಅಂಥೋರನ್ನ ಇಟ್ಕೊಳ್ಳೋಕೆ ನಂಗೆ ಭಯ. ಲೆಟರ್ ಬರತ್ತೆ. ತಿಂಗಳೊಳಗೆ ಮನೆ ನೋಡ್ಕೊಳಿ.’

ಲೆಟರ್ ಸೋಮವಾರ ಸಂಜೆಯೇ ಬಂತು. ನನ್ನ ಜವಾಬ್ದಾರಿಯ ನಡತೆಯ ಬಗ್ಗೆ ಕೊಲೀನ್ ಎರಡು ಸಾಲು ಬೇರೆ ಸೇರಿಸಿದ್ದಳು. ವಿಶ್ವಾಸ್ ಅದನ್ನು ಮೂರು ಸಲ ಓದಿದ. ಪಾಪಟೋಟೊಯಿಯಲ್ಲಿ ಫ್ಲ್ಯಾಟ್ ಸಿಕ್ಕಿತು. ಫ್ರಿಜ್ಜಿನ ಎಲ್ಲ ಖಾನೆಯೂ ನಮ್ಮದೇ. ಹುಳಿ ನೀರಾಗಿದ್ದರೂ ಕೇಳುವವರಿಲ್ಲ, ಆದರೂ ಒಮ್ಮೊಮ್ಮೆ ನಾನೇ ಸೌಟಿನಲ್ಲಿ ಎತ್ತಿ ಸುರಿದು ನೋಡುತ್ತೇನೆ. ಹೊರಟ ದಿನ ಇಂದಿರಕ್ಕ ಕುಂಕುಮ ಕೊಟ್ಟಳು, ಕಣ್ಣಿಗೆ ಕಣ್ಣು ಕೊಡಲಿಲ್ಲ. ನಾನೂ ಕೊಡಲಿಲ್ಲ. ಏನಾಯಿತೆಂದು ವಿಶ್ವಾಸ್‌ಗೆ ಅವಳು ಹೇಳಿಲ್ಲ. ನಾನೂ ಹೇಳಿಲ್ಲ.

ಒಡೆದ ಗಾಜನ್ನು ಬದಲಿಸಲಿಲ್ಲ. ಆ ನೀಲಿ ಈಗ ಯಾರೂ ಮಾಡುವುದಿಲ್ಲವಂತೆ. ಬಿರುಕಿನ ಮೇಲೆ ಸೀಸದ ಪಟ್ಟಿ ಕೂರಿಸಿದರು. ಬತ್ತಿ ಹಚ್ಚಿದಾಗ ಮೇರಿಯ ಸೆರಗಿನ ಮೇಲೆ ಒಂದು ಕಪ್ಪು ಗೆರೆ ಓರೆಯಾಗಿ ಬಿದ್ದಿರುತ್ತದೆ, ಜನರಿಗೆ ಅದೇ ಮೊದಲು ಕಾಣುವುದು. ಇದನ್ನೂ ಹೇಳು, ಜನಕ್ಕೆ ಪಾಠವಾಗುತ್ತದೆ ಎಂದು ಕೊಲೀನ್ ಹೇಳಿದ್ದಾಳೆ. ಹಾಗಾಗಿ ಪ್ರತಿ ಶನಿವಾರ ನಾಲ್ಕು ಗಂಟೆಗೆ ನಾನು ಬತ್ತಿಯ ಪಕ್ಕ ನಿಂತು ಹೇಳುತ್ತೇನೆ: ಒಮ್ಮೆ ನೋಡಲು ಬಂದ ಹೆಂಗಸೊಬ್ಬಳು ಒದ್ದೆ ಹೂವಿನಿಂದ ದೀಪ ಆರಿಸಲು ಹೋದಳು, ಪಕ್ಕದಲ್ಲಿದ್ದವಳು ಎರಡು ಸಲ ಬೇಡ ಎಂದಳು, ಕೈ ಹಿಡಿಯಲು ಹೋದಳು, ಅವಳು ಕೇಳಲಿಲ್ಲ. ಪಕ್ಕದಲ್ಲಿದ್ದವಳು ಯಾರು ಎಂದು ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ನಾನೇ ಎನ್ನುತ್ತೇನೆ. ಅವರು ಮೆಚ್ಚಿಕೊಂಡು ತಲೆಯಾಡಿಸುತ್ತಾರೆ. ನಾನು ಬಾಗಿಲು ತೆಗೆದು ಉರಿಯ ಮೇಲೆ ಟೊಪ್ಪಿ ಹಾಕುತ್ತೇನೆ.