ಸೌಜನ್ಯದ ಬಹುಮಾನ

ವೇದಿಕೆಯ ಹಿಂದಿನ ಕೋಣೆಯಲ್ಲಿ ಓಟದ ತಂಡದ ಕ್ಯಾಪ್ಟನ್ ಅಕ್ಕ ಬಾಲಳ ಕಾಲರ್ ಸರಿಪಡಿಸುತ್ತಿದ್ದಳು. "ನೆಟ್ಟಗೆ ನಿಂತ್ಕೊಳ್ಳೇ ಬಾಲ. ಬಹುಮಾನ ತಗೊಳ್ಳೋಕೆ ಹೋಗ್ತಿದೀಯೋ, ಇಂಜೆಕ್ಷನ್ ತಗೊಳ್ಳೋಕೋ?"

'ಬಾಲ' ಎಂಬ ಹೆಸರು ತಂಡ ಸೇರಿದ ಹೊಸದರಲ್ಲೇ ಅಂಟಿಕೊಂಡಿತ್ತು. ಅಷ್ಟು ಚಿಕ್ಕ ಕಾಲೇಜಿನಲ್ಲಿ ಗುಡ್ಡಗಾಡು ಓಟಕ್ಕೆ ಸಿಕ್ಕ ಹುಡುಗಿಯರು ನಾಲ್ವರೇ. ಐವರು ಗುರಿ ಮುಟ್ಟದಿದ್ದರೆ ತಂಡಕ್ಕೆ ಸ್ಥಾನವೇ ಇಲ್ಲ ಎನ್ನುವುದು ನಿಯಮ. ಓಟದ ತರಬೇತಿಯನ್ನೂ ನೋಡಿಕೊಳ್ಳುತ್ತಿದ್ದ ರಸಾಯನಶಾಸ್ತ್ರದ ಮೇಷ್ಟ್ರು, ಪ್ರಯೋಗಾಲಯದಲ್ಲಿ ಬ್ಯುರೆಟ್ ತೊಳೆಯುತ್ತಿದ್ದ ಇವಳನ್ನು ಕಂಡು, "ನೀನು ಗೆಲ್ಲೋದೇನೂ ಬೇಡಮ್ಮ, ಮುಟ್ಟಿದರೆ ಸಾಕು" ಎಂದು ಕರೆದೊಯ್ದಿದ್ದರು. ಅಂದಿನಿಂದ ಅವಳು ಎಲ್ಲರಿಗಿಂತ ಹಿಂದೆ ಬರುತ್ತಿದ್ದಳು. ಆದರೆ ಬಂದೇ ಬರುತ್ತಿದ್ದಳು. ಗೆರೆಯಾಚೆ ನಾಲ್ವರೂ ಗಂಟಲು ಹರಿಯುವಂತೆ ಕೂಗುತ್ತ ಕಾಯುತ್ತಿದ್ದರು.

ಈ ಸಲ ನಾಲ್ವರಿಗೂ ಕೊನೆಯ ವರ್ಷ. ಮೊದಲ ಮೂರು ತಂಡಗಳಿಗೆ ದೊಡ್ಡ ಕೂಟಕ್ಕೆ ಪ್ರವೇಶವಿತ್ತು. ನಾಲ್ವರೂ ಜೀವ ಪಣಕ್ಕಿಟ್ಟು ಓಡಿದ್ದರು. ಬಾಲ ನಡೆದುಕೊಂಡೇ ಬಂದು ಗೆರೆ ದಾಟಿದ್ದರೂ ಮೂರನೆಯ ಸ್ಥಾನ ಅವರದೇ ಆಗುತ್ತಿತ್ತು.

ಅವಳು ಬರಲಿಲ್ಲ.

ಎರಡನೆಯ ಏರಿನಲ್ಲಿ ಅವಳ ಎದೆ ಉರಿಯುತ್ತಿತ್ತು. ಆಗಲೇ ಸ್ವಲ್ಪ ಹೊತ್ತಿನಿಂದ ನಿಲ್ಲಲು ಒಂದು ಮರ್ಯಾದೆಯ ಕಾರಣವನ್ನು ಅವಳು ಹುಡುಕುತ್ತಿದ್ದಳು. ಮುಂದೆ ಓಡುತ್ತಿದ್ದ ಬೇರೆ ಕಾಲೇಜಿನ ಹುಡುಗಿ ಸಡಿಲ ಜಲ್ಲಿಯ ಮೇಲೆ ಜಾರಿಬಿದ್ದಳು.

"ಏನಿಲ್ಲ, ಪಾದ ಸ್ವಲ್ಪ ಹೊರಳಿತು," ಎಂದಿದ್ದಳು ಆ ಹುಡುಗಿ. "ಒಂಚೂರು ಕೈ ಕೊಡಿ, ಏಳ್ತೀನಿ."

ಬಾಲ ಕೈ ಕೊಡಲಿಲ್ಲ. ಪಕ್ಕದಲ್ಲಿ ಕೂತು ಅವಳ ಭುಜವನ್ನು ಒತ್ತಿ ಹಿಡಿದಳು. "ಏಳಬೇಡಿ. ಮೂಳೆ ಮುರಿದಿದ್ದರೆ?"

ಮುರಿದಿದೆ ಎಂದು ತನಗೆ ನಿಜವಾಗಿ ಅನ್ನಿಸಿತ್ತೇ? ಅನುಮಾನವಿರುವ ಪ್ರಯೋಗವನ್ನು ಮತ್ತೆ ಮತ್ತೆ ಮಾಡಿ ನೋಡುವ ಹಾಗೆ ಅವಳು ಈ ಪ್ರಶ್ನೆಯನ್ನು ವಾರವಿಡೀ ಕೇಳಿಕೊಂಡಿದ್ದಳು. ಶೂ ಬಿಚ್ಚಿ ನೋಡಿದಾಗಲೂ ಪಾದದಲ್ಲಿ ಊತವಿರಲಿಲ್ಲ. ಬಣ್ಣ ಬದಲಾಗಿರಲಿಲ್ಲ. ಬೆರಳುಗಳು ಆಡುತ್ತಿದ್ದವು. ಎಷ್ಟು ಸಲ ಕೇಳಿಕೊಂಡರೂ ಉತ್ತರ ಒಂದೇ: ಆ ಹುಡುಗಿ ಎದ್ದಿದ್ದರೆ ತಾನೂ ಏಳಬೇಕಾಗುತ್ತಿತ್ತು. ಸ್ವಯಂಸೇವಕರ ಗಾಡಿ ಬರುವಷ್ಟರಲ್ಲಿ ಉಸಿರು ಸಮಕ್ಕೆ ಬಂದಿತ್ತು. ಆಗಲಾದರೂ ಓಡಬಹುದಿತ್ತು. ಅವಳು ಗಾಡಿ ಹತ್ತಿ ಕೂತಳು.

ಬಟ್ಟೆ ಬದಲಿಸುವ ಕೋಣೆಯಲ್ಲಿ ನಾಲ್ವರೂ ಅತ್ತಿದ್ದರು. ಆಮೇಲೆ ಕ್ಯಾಪ್ಟನ್ ಅಕ್ಕ ಮೂಗು ಒರೆಸಿಕೊಂಡು, "ಹೋದರೆ ಹೋಗಲಿ ಬಿಡೇ. ಬಿದ್ದವರನ್ನ ದಾಟಿಕೊಂಡು ಹೋಗೋ ತಂಡ ನಮ್ಮದಲ್ಲ" ಎಂದಿದ್ದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಓಟದ ದಾರಿಯಲ್ಲಿ ಬಾಲ ಆ ಹುಡುಗಿಯ ಪಕ್ಕ ಕೂತಿದ್ದ ಫೋಟೋವನ್ನು ಯಾರೋ ತೆಗೆದಿದ್ದರು. ಅದನ್ನು ನೋಡಿ ಪ್ರಿನ್ಸಿಪಾಲರು ಈ ಸಮಾರಂಭ ಇಟ್ಟುಕೊಂಡಿದ್ದರು.

ಕ್ಯಾಪ್ಟನ್ ಅಕ್ಕ ಮುಂದಿನ ಸಾಲಿಗೆ ಹೋಗಿ ಕೂರುತ್ತಿದ್ದಂತೆ, ಆ ಹುಡುಗಿ ತನ್ನ ತಾಯಿಯ ಜೊತೆ ಒಳಗೆ ಬಂದಳು. ಸಲೀಸಾಗಿ ನಡೆಯುತ್ತಿದ್ದಳು. ತಾಯಿ ಬಾಲಳ ಎರಡೂ ಕೈ ಹಿಡಿದುಕೊಂಡರು. "ಒಡಹುಟ್ಟಿದವರೂ ಹೀಗೆ ನಿಲ್ಲಲ್ಲ ಕಣಮ್ಮ."

ಅವರು ಕುರ್ಚಿ ಹುಡುಕುತ್ತ ಹೊರಗೆ ಹೋದ ಮೇಲೆ ಹುಡುಗಿ ತಗ್ಗಿದ ದನಿಯಲ್ಲಿ ಕೇಳಿದಳು. "ನಾನು ಏಳ್ತೀನಿ ಅಂದಿದ್ದೆ ಅಲ್ವಾ?"

"ಅಂದಿದ್ರಿ."

"ನನಗೇ ಭ್ರಮೆಯೇನೋ ಅಂದ್ಕೊಂಡಿದ್ದೆ. ಮನೇಲಿ ನಾನು ಬಾಯಿ ತೆಗೆದರೆ ಸಾಕು, ಉಪಕಾರ ಸ್ಮರಣೆ ಇಲ್ಲದವಳು ಅಂತಾರೆ."

ಬಾಲ ಅವಳ ಮುಖ ನೋಡದಾದಳು. ಅಷ್ಟರಲ್ಲಿ ಮೈಕಿನಲ್ಲಿ ಇಬ್ಬರ ಹೆಸರನ್ನೂ ಕೂಗಿದರು.

ಫಲಕವನ್ನು ಆ ಹುಡುಗಿಯ ಕೈಯಿಂದಲೇ ಕೊಡಿಸಿದರು. ಕೊಟ್ಟವಳು ನಗಲಿಲ್ಲ. ಪ್ರಿನ್ಸಿಪಾಲರು ಮೈಕನ್ನು ಬಾಲಳ ಬಾಯಿಯ ಮಟ್ಟಕ್ಕೆ ಇಳಿಸಿ, "ಎರಡು ಮಾತು ಆಡಮ್ಮ" ಎಂದರು.

ಥ್ಯಾಂಕ್ಸ್ ಎಂದು ಇಳಿದುಬಿಡಬೇಕೆಂದು ಮೆಟ್ಟಿಲು ಹತ್ತುವಾಗ ಅಂದುಕೊಂಡಿದ್ದಳು. ಪಕ್ಕದಲ್ಲಿ ನಿಂತಿದ್ದವಳ ಉಸಿರು ಕೇಳಿಸುತ್ತಿತ್ತು.

"ಇವರು ಏಳ್ತೀನಿ ಅಂದರು," ಎಂದಳು. ದನಿ ತನ್ನದಲ್ಲ ಅನ್ನಿಸಿತು. "ನಾನೇ ಬಿಡಲಿಲ್ಲ. ಇವರ ಕಾಲಿಗೆ ಏನೂ ಆಗಿರಲಿಲ್ಲ. ನನಗೆ ಓಡೋದು ಸಾಕಾಗಿತ್ತು. ಅದಕ್ಕೆ ಕೂತೆ."

ಪ್ರಿನ್ಸಿಪಾಲರು ನಗುತ್ತ ಮೈಕ್ ಎಳೆದುಕೊಂಡರು. "ನೋಡಿ, ತುಂಬಿದ ಕೊಡ ತುಳುಕೋದಿಲ್ಲ ಅನ್ನೋದು ಇದಕ್ಕೇ. ಮಾಡಿದ ಉಪಕಾರವನ್ನೂ ಒಪ್ಪಿಕೊಳ್ಳದ ವಿನಯ."

ಚಪ್ಪಾಳೆ ಮೊದಲಿಗಿಂತ ಜೋರಾಯಿತು. ಆ ತಾಯಿ ಕಣ್ಣೊರೆಸಿಕೊಂಡರು. ಮೇಷ್ಟ್ರು ಎದ್ದು ನಿಂತು ತಟ್ಟಿದರು. ನೆಲ ಬಾಯಿ ತೆರೆದು ನುಂಗಬಾರದೇ ಅನ್ನಿಸಿ ಬಾಲ ಮುಂದಿನ ಸಾಲಿನತ್ತ ನೋಡಿದಳು.

ಕ್ಯಾಪ್ಟನ್ ಅಕ್ಕ ಮಾತ್ರ ತಟ್ಟುತ್ತಿರಲಿಲ್ಲ. ಅವಳ ಎರಡೂ ಕೈ ಮಡಿಲಲ್ಲಿದ್ದವು. ಕಷ್ಟದ ಲೆಕ್ಕವೊಂದನ್ನು ಬಿಡಿಸುತ್ತಿರುವವಳಂತೆ ಬಾಲಳನ್ನೇ ದಿಟ್ಟಿಸುತ್ತಿದ್ದಳು. ಪಕ್ಕದಲ್ಲಿದ್ದ ತಂಡದವಳು ಅವಳ ಮುಖ ನೋಡಿ ಏನೋ ಕೇಳಿದಳು. ಅಕ್ಕ ಬಾಗಿ ಚುಟುಕಾಗಿ ಉತ್ತರಿಸಿದಳು. ಪಕ್ಕದವಳ ಕೈಗಳೂ ನಿಂತವು. ಅವಳು ತನ್ನ ಆಚೆಯವಳತ್ತ ತಿರುಗಿದಳು.

"ಇಳೀರಿ," ಎಂದಳು ಫಲಕ ಕೊಟ್ಟ ಹುಡುಗಿ ಮೆಲ್ಲಗೆ. "ನಿಮ್ಮ ತಂಡದವರು ಕಾಯ್ತಿದಾರೆ."

ಬಾಲ ಫಲಕವನ್ನು ಕಂಕುಳಲ್ಲಿ ಅವುಚಿಕೊಂಡು, ಆ ನಾಲ್ವರು ಕೂತಿದ್ದ ಕಡೆಯ ಮೆಟ್ಟಿಲುಗಳನ್ನೇ ಇಳಿಯತೊಡಗಿದಳು.