ಯಾರಿಗೂ ಹೇಳಬೇಡ ಅಂದಿದ್ದು

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಲಾಂಡ್ರಿ. ವಾರ್ಡುಗಳಿಂದ ಇಳಿದು ಬರುವ ಕೊಳೆ ಬಟ್ಟೆಯ ಗಂಟುಗಳನ್ನು ಬಿಚ್ಚಿ, ಹಾಸಿಗೆಯದು, ಆಪರೇಷನ್ ಕೋಣೆಯದು, ರೋಗಿಗಳ ಅಂಗಿ ಎಂದು ಬೇರೆ ಮಾಡಿ ಯಂತ್ರಕ್ಕೆ ಕೊಡುವುದು ಐದು ಹೆಂಗಸರ ಕೆಲಸ. ಅವರಲ್ಲಿ ಹಿರಿಯಳನ್ನು ಉಳಿದವರು ಅಕ್ಕ ಎನ್ನುತ್ತಿದ್ದರು. ಹದಿನಾರು ವರ್ಷದಿಂದ ಅಲ್ಲೇ ಇದ್ದಳು. ತಿಂಗಳ ಹಿಂದೆ ಮೇಲ್ವಿಚಾರಕನ ಕೈಕಾಲು ಹಿಡಿದು ಸೊಸೆಯನ್ನೂ ಸೇರಿಸಿದ್ದಳು. ಸೊಸೆಗೆ ಏಳು ತಿಂಗಳ ಹೆಣ್ಣುಕೂಸು; ಮಧ್ಯಾಹ್ನ ಓಡಿಹೋಗಿ ಹಾಲೂಡಿಸಿ ಬರುವಷ್ಟು ಹತ್ತಿರ ಮನೆ.

ಮೇಲ್ವಿಚಾರಕನಿಗೆ ಹೆಂಗಸರು ಇಟ್ಟ ಹೆಸರು ‘ನಾಳೆ ಸಾರ್’. ಹರಿದ ಕೈಗವಸು ತೋರಿಸಿದರೂ ನಾಳೆ, ಗಂಟಿನಲ್ಲಿ ಸೂಜಿ ಬರುತ್ತಿದೆ ಎಂದರೂ ನಾಳೆ. ಅವನ ನಾಳೆ ಯಾವ ಕ್ಯಾಲೆಂಡರಿನಲ್ಲೂ ಇಲ್ಲ ಎಂದು ನಗುತ್ತಿದ್ದರು. ನಗುವುದನ್ನು ಬಿಟ್ಟು ಒಬ್ಬಳು ಒಮ್ಮೆ ದೂರು ಬರೆದುಕೊಟ್ಟಿದ್ದಳು. ಮರುವಾರ ಅವಳ ಜಾಗದಲ್ಲಿ ಬೇರೆಯವಳು ಕೂತಿದ್ದಳು.

ಸೋಮವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಸೊಸೆ ಒಂದು ಚಾದರದ ಗಂಟು ಬಿಚ್ಚುತ್ತಿದ್ದವಳು ಚುರ್ ಎಂದಂತಾಗಿ ಕೈ ಹಿಂದೆಗೆದಳು. ಅಂಗೈಯಲ್ಲಿ ಇಂಜೆಕ್ಷನ್ ಸೂಜಿ ನೆಟ್ಟುಕೊಂಡಿತ್ತು. ಯಾರಿಗೆ ಚುಚ್ಚಿ ಎಸೆದದ್ದೋ, ಯಾರ ರಕ್ತವೋ ಹೇಳುವಂತಿರಲಿಲ್ಲ.

ಅತ್ತೆ ಸೂಜಿಯನ್ನು ಕಿತ್ತು, ಅವಳನ್ನು ನಲ್ಲಿಯ ಹತ್ತಿರ ಎಳೆದುಕೊಂಡು ಹೋದಳು. “ಏನೂ ಆಗಲ್ಲ. ನನಗೂ ಎರಡು ಸಲ ಚುಚ್ಚಿದೆ, ಕಲ್ಲುಗುಂಡಿನ ಹಾಗೆ ಇದೀನಿ. ಸೋಪು ಹಾಕಿ ತೊಳ್ಕೊ. ಯಾರಿಗೂ ಹೇಳ್ಬೇಡ, ಕೆಲಸ ಹೋಗುತ್ತೆ.”

ಸೊಸೆ ತೊಳೆದುಕೊಂಡು ಬಟ್ಟೆಯ ಪಟ್ಟಿ ಕಟ್ಟಿಕೊಂಡಳು. ಮಧ್ಯಾಹ್ನ ಮನೆಗೆ ಹೋಗಿ ಕೂಸಿಗೆ ಹಾಲೂಡಿಸಿದಳು. ಸಂಜೆ ಗಂಡ ಅಂಗೈಯ ಪಟ್ಟಿ ನೋಡಿ ಕೇಳಿದಾಗ ಅಳು ತಡೆಯಲಾಗದೆ ಎಲ್ಲ ಹೇಳಿಬಿಟ್ಟಳು. ಅವನು ತಾಯಿಯ ಕಡೆ ತಿರುಗಿ, ಬೆಳಿಗ್ಗೆಯೇ ಡಾಕ್ಟರ್ ಹತ್ತಿರ ಹೋಗೋಣ ಎಂದಷ್ಟೇ ಹೇಳಿದ. ಬೈದಿದ್ದರೆ ತಾಯಿಗೆ ಹಗುರಾಗುತ್ತಿತ್ತು.

ಮರುದಿನ ಬೆಳಿಗ್ಗೆ ಮೂವರೂ ಅದೇ ಆಸ್ಪತ್ರೆಯ ವೈದ್ಯೆಯ ಮುಂದೆ ಕೂತರು. ಚುಚ್ಚಿದ್ದು ಯಾವಾಗ ಎಂದು ವೈದ್ಯೆ ಕೇಳಿದಳು. ನಿನ್ನೆ ಹತ್ತಕ್ಕೆ ಎಂದು ಕೇಳಿ ಪೆನ್ನು ಕೆಳಗಿಟ್ಟಳು.

“ಎರಡು ಮಹಡಿ ಹತ್ತಿ ಬರೋಕೆ ಒಂದು ದಿನ ಬೇಕಾಯ್ತಾ?”

ಅತ್ತೆ ಕುರ್ಚಿ ಮುಂದೆಳೆದುಕೊಂಡಳು. “ನಾನೇ ಬೇಡ ಅಂದೆ, ಮೇಡಂ.”

ಕಾಲ ಪೂರ್ತಿ ಮೀರಿಲ್ಲ, ಆದರೆ ಮೊದಲ ಗಂಟೆಗಳೇ ಮುಖ್ಯವಾಗಿದ್ದವು ಎಂದಳು ವೈದ್ಯೆ. ಎಚ್‌ಐವಿ ತಗಲದಿರಲು ಇಪ್ಪತ್ತೆಂಟು ದಿನ ಮಾತ್ರೆ. ಆರು ವಾರದ ಮೇಲೊಮ್ಮೆ, ಮೂರು ತಿಂಗಳ ಮೇಲೊಮ್ಮೆ ರಕ್ತಪರೀಕ್ಷೆ. ಅಲ್ಲಿಯವರೆಗೆ ಮಗುವಿಗೆ ಎದೆಹಾಲು ಕೊಡುವ ಹಾಗಿಲ್ಲ.

ಮಾತ್ರೆ ನುಂಗಿ ಸೊಸೆ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಾರಿಕೊಂಡಳು. ಕೂಸು ಬಾಟಲಿಯನ್ನು ತಳ್ಳಿ, ತಾಯಿಯ ರವಿಕೆ ಜಗ್ಗಿ ಜಗ್ಗಿ ಅತ್ತಿತು. ಅದನ್ನು ಎತ್ತಿಕೊಂಡು ಅಜ್ಜಿ ಬೀದಿಯ ಆ ತುದಿಯವರೆಗೆ ಹೋದಳು, ಅಳು ತಾಯಿಗೆ ಕೇಳಿಸದಿರಲೆಂದು. ಸೊಸೆ ಗೋಡೆಯ ಕಡೆ ತಿರುಗಿ, ತೊಟ್ಟಿಕ್ಕುವ ಹಾಲನ್ನು ಬಟ್ಟೆಗೆ ಹಿಂಡಿಕೊಳ್ಳುತ್ತಿದ್ದಳು.

ಮೂರನೆಯ ದಿನ ಅತ್ತೆ ಆ ಗಂಟು ಬಂದಿದ್ದ ವಾರ್ಡಿಗೆ ಹತ್ತಿ ಹೋಗಿ ಹೆಡ್ ನರ್ಸನ್ನು ತರಾಟೆಗೆ ತೆಗೆದುಕೊಂಡಳು. ಆಕೆ ವಾರ್ಡನ್ನೇ ತೋರಿಸಿದಳು. ನಲವತ್ತು ರೋಗಿಗಳಿಗೆ ಇಬ್ಬರೇ ನರ್ಸುಗಳು. ಸೂಜಿ ಹಾಕುವ ಡಬ್ಬ ಇಡೀ ವಾರ್ಡಿಗೆ ಒಂದೇ, ಅದೂ ಬಾಗಿಲ ಹತ್ತಿರ. ಕೈಯಲ್ಲಿದ್ದ ಸೂಜಿಯನ್ನು ಹಾಸಿಗೆಯ ಮೇಲಿಟ್ಟು ಇನ್ನೊಬ್ಬ ರೋಗಿಯ ಕಡೆ ಓಡಿದರೆ ಅದು ಚಾದರದಲ್ಲೇ ಸುತ್ತಿಕೊಂಡು ಹೋಗುತ್ತದೆ. ಡಬ್ಬ ಬೇಕೆಂದು ತಾನೂ ಕೇಳಿ ಸಾಕಾಗಿದೆ ಎಂದಳು.

ಅತ್ತೆ ಕೆಳಗೆ ಬಂದು ಡಬ್ಬದ ವಿಷಯ ನಾಳೆ ಸಾರ್‌ಗೆ ಹೇಳಿದಳು. ಅವನು ಬಾಯಿ ತೆರೆಯುವಷ್ಟರಲ್ಲಿ, ಹದಿನಾರು ವರ್ಷದಲ್ಲಿ ಮೊದಲ ಬಾರಿ, ಕೈಗವಸು ಕಳಚಿ ಗಂಟಿನ ಮೇಲೆ ಕೂತುಬಿಟ್ಟಳು. ಕೆಲಸದಿಂದ ತೆಗೆಯುತ್ತೇನೆ ಎಂದ. ತೆಗೆಯಿರಿ ಎಂದಳು. ಮನೆಯಲ್ಲಿ ಈಗ ದುಡಿಯುವ ಕೈ ಒಂದು ಕಡಿಮೆ. ಉಳಿದ ಮೂವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ಒಬ್ಬಳು ಕೂತಳು. ಆಮೇಲೆ ಇಬ್ಬರೂ.

ಹನ್ನೆರಡರ ಹೊತ್ತಿಗೆ ಆಪರೇಷನ್ ಕೋಣೆಯಲ್ಲಿ ಒಗೆದ ಬಟ್ಟೆ ಮುಗಿಯಿತು. ಆಸ್ಪತ್ರೆಯ ಮುಖ್ಯಾಧಿಕಾರಿ ಮೊದಲ ಸಲ ನೆಲಮಾಳಿಗೆಯ ಮೆಟ್ಟಿಲು ಇಳಿದು ಬಂದರು. ಮೇಲೆ ರೋಗಿ ಕಾಯುತ್ತಿದ್ದಾನೆ, ನಿಮಗೆ ಕರುಣೆ ಇಲ್ಲವೇ ಎಂದು ಕೇಳಿದರು.

“ಇದೆ ಸಾರ್. ಅದಕ್ಕೇ ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ದೆ. ನನ್ನ ಸೊಸೆಗೂ ಬಾಯಿ ಮುಚ್ಕೋ ಅಂದೆ. ಈಗ ಅವಳ ಕೂಸಿಗೆ ಹಾಲಿಲ್ಲ. ನರ್ಸುಗಳ ಪ್ರತಿ ಟ್ರಾಲಿಗೂ ಒಂದು ಸೂಜಿ ಡಬ್ಬ, ನಮಗೆ ದಪ್ಪ ಕೈಗವಸು ಕೊಡಿ. ಚುಚ್ಚಿಸ್ಕೊಂಡವಳು ಆ ಗಳಿಗೆಯಲ್ಲೇ ಡಾಕ್ಟರ್ ಹತ್ರ ಹೋಗ್ಬೇಕು, ಅದಕ್ಕೆ ಅವಳ ಕೆಲಸ ಹೋಗಬಾರದು. ಬರೆದುಕೊಡಿ, ಏಳ್ತೀವಿ.”

ನಿಂತ ಕಾಲಿನಲ್ಲೇ ಬರೆದುಕೊಟ್ಟರು. ವಾರದೊಳಗೆ ಡಬ್ಬಗಳು ಬಂದವು. ಕೈಗವಸುಗಳೂ ಬಂದವು, ಗಂಡಸರ ಅಳತೆಯವು. ಬೆರಳ ತುದಿ ಮಡಚಿ ದಾರ ಕಟ್ಟಿಕೊಂಡರು. ಸೂಜಿಗಳು ಪೂರ್ತಿ ನಿಲ್ಲಲಿಲ್ಲ. ಅಪರೂಪವಾದವು.

ಆರು ವಾರದ ವರದಿಯಲ್ಲಿ ಸೋಂಕು ಇರಲಿಲ್ಲ. ಮೂರು ತಿಂಗಳದರಲ್ಲೂ ಇರಲಿಲ್ಲ. ವೈದ್ಯೆಯ ಕೋಣೆಯ ಹೊರಗೆ ಅತ್ತೆ ಬೆಂಚು ಹಿಡಿದು ಕೂತು ಬಿಕ್ಕಿದಳು. ಸೊಸೆ ಕಾಗದ ಮಡಚಿಕೊಂಡು ಪಕ್ಕದಲ್ಲಿ ನಿಂತಳು. ಅವಳ ಹಾಲು ಬತ್ತಿ ಎಷ್ಟೋ ದಿನವಾಗಿತ್ತು.

“ಅವತ್ತು ನಿಮ್ಮ ಮಾತು ಕೇಳಿದೆನಲ್ಲ ಅತ್ತೆ, ಅದೇ ನನಗೆ ಮರೆಯೋಕಾಗ್ತಿಲ್ಲ,” ಎಂದಳು.

ಸೊಸೆ ಮನೆಯ ದಾರಿ ಹಿಡಿದಳು. ಅತ್ತೆ ಕಣ್ಣೊರೆಸಿಕೊಂಡು ಎದ್ದು, ಅರ್ಧ ದಿನದ ರಜೆ ಮುಗಿಯುತ್ತಿದ್ದುದರಿಂದ, ಮೆಟ್ಟಿಲಿಳಿದು ಕೆಲಸಕ್ಕೆ ಹೋದಳು.