ರಾಜೀನಾಮೆಯ ಪ್ರಸ್ಥಾನ

ಜರಿಯಂಚಿನ ಶಾಲನ್ನು ಕೊಡವಿ ಹಗ್ಗದ ಮೇಲೆ ಹಾಕುವ ಹೊತ್ತಿಗೆ ಸಾವಿತ್ರೀಬಾಯಿಯ ಭುಜ ಸೋತುಹೋಗಿತ್ತು. ಎರಡು ದಿನದಿಂದ ಮಳೆ ಬಿಟ್ಟು ಖೂಬಾ ಪ್ಲಾಟ್ ಬಡಾವಣೆಯ ಮೇಲೆ ಚುರುಕು ಬಿಸಿಲು ಬಿದ್ದಿತ್ತು. ಈ ಬಿಸಿಲು ತಪ್ಪಿದರೆ ಟ್ರಂಕಿನೊಳಗಿನ ಶಾಲುಗಳಿಗೆಲ್ಲ ನುಸಿ ಹತ್ತುವುದು ಖಾತ್ರಿ. ಎಲ್ಲವೂ ಗಂಡ ವಾಸುದೇವರಾಯರಿಗೆ ಸನ್ಮಾನದಲ್ಲಿ ಹೊದಿಸಿದವು. ಕಲಬುರಗಿ ವಲಯ ಫುಟ್‌ಬಾಲ್ ಮಂಡಳಿಗೆ ಅವರು ಇಪ್ಪತ್ತು ವರ್ಷಕ್ಕೂ ಮಿಕ್ಕಿ ಅಧ್ಯಕ್ಷರು. ಆರಿಸಿ ಬಂದದ್ದಕ್ಕೆ ಒಂದಿಷ್ಟು ಶಾಲು, ಇಳಿಯುತ್ತೇನೆಂದು ಹೇಳಿ ಬೀಳ್ಕೊಡುಗೆ ಮಾಡಿಸಿಕೊಂಡದ್ದಕ್ಕೆ ಇನ್ನೊಂದಿಷ್ಟು. ಬೀಳ್ಕೊಡುಗೆ ಮೂರು ಸಲ ಆಗಿತ್ತು. ಇಳಿದದ್ದು ಒಂದು ಸಲವೂ ಇಲ್ಲ.

"ಅವ್ವಾರೇ, ಈ ಜರಿದು ಹೊಸಾದೇನ್ರಿ?" ಮನೆಗೆಲಸದ ಗುಂಡಮ್ಮ ಕೇಳಿದಳು.

"ಬ್ಯಾಸಗಿ ಬೀಳ್ಕೊಡುಗೀದು."

"ಹಂಗಾರ ಸಾಹೇಬ್ರು ಕುರ್ಚಿ ಬಿಟ್ರೇನ್ರಿ?"

"ಬಿಡ್ತಾರ. ಮುಹೂರ್ತ ಬರಬೇಕಲ್ಲವಾ."

ಗುಂಡಮ್ಮ ಸೆರಗಿನೊಳಗೆ ನಕ್ಕಳು. ಸಾವಿತ್ರೀಬಾಯಿಗೆ ನಗು ಬರಲಿಲ್ಲ. ನಕ್ಕು ನಕ್ಕು ಅದೂ ಸಾಕಾಗಿತ್ತು.

ಒಳಗೆ ವಾಸುದೇವರಾಯರು ಟಿವಿಯ ಮುಂದೆ ಕೂತು ಪ್ರೀತಿಗೆ ಫಿಫಾದ ಪುರಾಣ ಹೇಳುತ್ತಿದ್ದರು. ಪ್ರೀತಿ ಕಮಲಾಪುರದ ಹುಡುಗಿ, ಅಲ್ಲಿಯ ಹೆಣ್ಣುಮಕ್ಕಳ ತಂಡದ ಕ್ಯಾಪ್ಟನ್. ಬೆಳಗಿನ ಬಸ್ಸಿಗೆ ಬಂದಿದ್ದಳು. ತಂದ ಕೆಂಪು ಬಾಳೆಹಣ್ಣಿನ ಚಿಪ್ಪು ಟೀಪಾಯಿಯ ಮೇಲಿತ್ತು.

"ಜಗತ್ತಿನ ಫುಟ್‌ಬಾಲ್ ಆಳೋ ಮಂದಿ ಅವರು," ರಾಯರು ಬೆರಳೆತ್ತಿದರು. "ನಸುಕಿನ್ಯಾಗ ಪೊಲೀಸರು ಹೋಟೆಲಿಗೆ ಹೋಗಿ ಎಬ್ಬಿಸಿ ಕರಕೊಂಡು ಹೋದ್ರು. ಯಾಕ? ಲಂಚ! ಅಷ್ಟಾದ್ರೂ ಮ್ಯಾಲಿನವ ಕುರ್ಚಿ ಬಿಟ್ಟನೇನು? ಬಿಡ್ತೀನಿ ಬಿಡ್ತೀನಿ ಅಂತ ತಿಂಗಳಗಟ್ಟಲೆ ಅಲ್ಲೇ ಕೂತ. ಆಮ್ಯಾಲೆ ಕಾಯ್ದೆ ಬಂತು, ಮೂರು ಅವಧಿ ಆದ್ರ ಎದ್ದು ಹೋಗಬೇಕು. ಕುರ್ಚಿಗೊಂದು ಮಿತಿ ಬೇಕವಾ ಪ್ರೀತಿ, ಮಿತಿ!"

"ಹೌದ್ರಿ ಸಾಹೇಬ್ರ. ನಿಮ್ದು ಎಷ್ಟು ಅವಧಿ ಆತ್ರಿ?"

ರಾಯರು ರಿಮೋಟ್ ಹುಡುಕತೊಡಗಿದರು.

ಹುಡುಗಿ ಬಂದ ಕೆಲಸ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಬೆಂಗಳೂರಿನ ರಾಜ್ಯ ಸಂಸ್ಥೆ ಪಟ್ಟುಹಿಡಿದಿತ್ತು. ಅವಧಿ ಮೀರಿದ ಅಧ್ಯಕ್ಷರು ಸಹಿ ಮಾಡಿದ ಮೂಲ ರಾಜೀನಾಮೆ ಕೈಗೆ ಬರುವ ತನಕ ಈ ವಲಯದ ಯಾವ ತಂಡವನ್ನೂ ಪಂದ್ಯಕ್ಕೆ ಸೇರಿಸಿಕೊಳ್ಳುವುದಿಲ್ಲ. ಬಂದರೆ ಹೊಸ ಚುನಾವಣೆ ಆಗುವ ತನಕ ವಲಯವನ್ನು ತಾನೇ ನೋಡಿಕೊಳ್ಳುತ್ತದೆ. ಹದಿನೇಳರೊಳಗಿನ ಹುಡುಗಿಯರ ಪಂದ್ಯಕ್ಕೆ ಹೆಸರು ಕೊಡಲು ಬರುವ ಸೋಮವಾರ ಕೊನೆ. ಮುಂದಿನ ವರ್ಷ ಪ್ರೀತಿಗೂ ಅವಳ ಜೊತೆಯವರಿಗೂ ವಯಸ್ಸು ದಾಟುತ್ತದೆ. ಶಾಲೆಯ ಕ್ಯಾನ್ವಾಸ್ ಬೂಟಿನಲ್ಲಿ ಆಡುತ್ತ ಬಂದ ಮಕ್ಕಳು ಅವು. ಮೇಲಿನಿಂದ ಅವರಿಗೆಂದೇ ಬಂದ ಬೂಟುಗಳು ಮಂಡಳಿಯಲ್ಲಿ ಮತ ಹಾಕುವವರ ಮೊಮ್ಮಕ್ಕಳ ಕಾಲಿಗೆ ಹೋಗಿದ್ದವು.

ರಾಜೀನಾಮೆಯೇನೋ ಸಿದ್ಧವಿತ್ತು. ಬೇಸಿಗೆಯಲ್ಲಿ ವೇದಿಕೆಯ ಮೇಲೆ, ಚಪ್ಪಾಳೆಯ ನಡುವೆ, ರಾಯರೇ ಸಹಿ ಹಾಕಿ ಲಕೋಟೆಗೆ ಅಂಟು ಹಚ್ಚಿದ್ದರು. ಅಂದಿನಿಂದ ಅದು ದೇವರ ಮನೆಯಲ್ಲಿ ಗುರುಗಳ ಪಟದ ಹಿಂದೆ ಕೂತಿತ್ತು. ಮೊದಲು ಅಧಿಕಮಾಸ ಅಂದರು. ಅದು ಮುಗಿದರೆ ವಿಶ್ವಕಪ್ ನಡೆದಾಗ ಅಧ್ಯಕ್ಷ ಇಳಿಯುವುದು ಶೋಭಿಸದು ಅಂದರು. ಇನ್ನು ನಾಲ್ಕು ದಿನಕ್ಕೆ ಆಷಾಢ.

"ಆಷಾಢದಾಗ ಒಳ್ಳೇ ಕೆಲಸ ಮಾಡಬಾರದು," ರಾಯರು ಪಂಚಾಂಗ ಮುಚ್ಚಿದರು. "ಶ್ರಾವಣ ಬರಲಿ."

"ಸೋಮವಾರ ಕೊನೀ ದಿನ ಅದರಿ," ಪ್ರೀತಿಯ ದನಿ ಸಣ್ಣದಾಯಿತು.

"ಅವಸರ ಮಾಡಬ್ಯಾಡ. ನಾ ಒಂದು ಪೈಸಾ ಮುಟ್ಟಿದವ ಅಲ್ಲ, ಊರಿಗೇ ಗೊತ್ತದ."

"ಪೈಸಾ ಮುಟ್ಟಿಲ್ಲ, ಖರೆ," ಸಾವಿತ್ರೀಬಾಯಿ ಬಾಗಿಲಲ್ಲಿ ನಿಂತೇ ಅಂದರು. "ಕುರ್ಚಿ ಬಿಟ್ಟಿಲ್ಲ, ಅದೂ ಖರೆ."

ಹುಡುಗಿ ಅಡುಗೆಮನೆಗೆ ಬಂದು ನೀರು ಕುಡಿದಳು. ಕಣ್ಣಲ್ಲಿ ನೀರಾಡುತ್ತಿತ್ತು, ಆದರೂ ಬಾಯಿ ಸುಮ್ಮನಿರಲಿಲ್ಲ. "ಅಜ್ಜಿ, ಖೂಬಾ ಪ್ಲಾಟ್ ಮಹಿಳಾ ಕ್ಲಬ್ಬಿಗೆ ನೀವೇ ಅಧ್ಯಕ್ಷರಂತಲ್ರಿ. ನಿಮ್ಮ ಟೀಮಿನಾಗ ಎಷ್ಟು ಮಂದಿ ಆಡ್ತಾರ್ರಿ?"

"ನಾನೊಬ್ಬಾಕಿನೇ. ಅದೂ ಮಣಕಾಲು ನೋವು."

ಇಬ್ಬರೂ ನಕ್ಕರು. ನಕ್ಕಮೇಲೆ ಸಾವಿತ್ರೀಬಾಯಿಗೆ ಮುಖ ಬಿಸಿಯಾಯಿತು. ಅಂಥ ಕ್ಲಬ್ಬುಗಳು ಮಂಡಳಿಯಲ್ಲಿ ಬೇಕಾದಷ್ಟಿದ್ದವು. ಮೈದುನನದೊಂದು, ಬೀಗರದೊಂದು, ಕೊನೆಗೆ ಗುಂಡಮ್ಮನ ಹೆಸರಿನಲ್ಲೂ ಒಂದು. ಚುನಾವಣೆಯ ದಿನ ಎಲ್ಲರೂ ಹೋಗಿ ಕೈ ಎತ್ತಿ, ಬುಂದಿ ಉಂಡು ಬರುವುದು. ಚೆಂಡು ಹೆಂಗಿರುತ್ತದೆಂದು ಕೇಳಿದವರಿಲ್ಲ. ಮನೆಯೊಳಗಿನ ಮಾತು, ಯಾಕೆ ಎದುರಾಡಬೇಕು ಅಂತ ಅವರೂ ಪ್ರತಿ ಸಲ ಕೈ ಎತ್ತಿದ್ದರು.

ಅವರು ಕೈ ಒರೆಸಿಕೊಂಡು ಹೊರಗೆ ಬಂದರು. "ಇಲ್ಲಿ ಕೇಳ್ರಿ. ಇವತ್ತು ಗುರುವಾರ. ಈಗ ಗಳಿಗಿ ಹೆಂಗದ?"

"ಈಗ? ಈಗ ಛೊಲೋ ಅದ. ಹನ್ನೊಂದರ ತನಕ."

"ಹಂಗಾರ ಆ ಕಾಗದಕ್ಕ ಪ್ರಸ್ಥಾನನಾದ್ರೂ ಇಡೂಣು."

ರಾಯರ ಮುಖ ಅರಳಿತು. ಪ್ರಸ್ಥಾನವೆಂದರೆ ಅವರಿಗೆ ಪ್ರಾಣ. ಹೊರಡುವ ದಿನ ಒಳ್ಳೆಯದಿಲ್ಲದಿದ್ದರೆ, ಮುಂಚೆಯೇ ಒಳ್ಳೆಯ ಗಳಿಗೆ ನೋಡಿ ಒಂದು ಚೀಲವನ್ನು ಬೇರೆಯವರ ಮನೆಯಲ್ಲಿ ಇಟ್ಟು ಬರುವುದು. ಅಲ್ಲಿಗೆ ಪ್ರಯಾಣ ಶುರುವಾದಂತೆ. ಬೆಂಗಳೂರಿನ ಸಭೆಗೆ ಹೋಗುವಾಗೆಲ್ಲ ಅವರ ಕೈಚೀಲ ಪಕ್ಕದ ವಿಮಲಾಬಾಯಿಯ ಮನೆಯಲ್ಲಿ ಮೊದಲೇ ಹೋಗಿ ಕೂತಿರುತ್ತಿತ್ತು. ಒಂದು ಸಲ ರೈಲು ರದ್ದಾಗಿ ಚೀಲವನ್ನು ತಿರುಗಿ ಮನೆಗೆ ತಂದಿದ್ದರು. ಅದೇ ವಾರ ಬಚ್ಚಲಲ್ಲಿ ಜಾರಿ ಕಾಲು ಮುರಿಯಿತು. ಪ್ರಸ್ಥಾನ ಇಟ್ಟದ್ದು ಹೋಗಲೇಬೇಕು, ಹೊಸ್ತಿಲು ತಿರುಗಿ ದಾಟಬಾರದು ಅಂತ ಅಂದಿನಿಂದ ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು.

ಆ ಗಳಿಗೆಯಲ್ಲಿ ಮಾತ್ರ ಅವರಿಗೆ ಕಂಡದ್ದು ಒಂದೇ. ಕಾಗದ ಹೊರಟಂತೆಯೂ ಆಯಿತು, ಹೋಗದಂತೆಯೂ ಆಯಿತು. ತಾವೇ ಲಕೋಟೆ ತೆಗೆದು ಅಡಿಕೆ, ಅಕ್ಷತೆ ಕೂಡಿಸಿ ಹಳದಿ ವಸ್ತ್ರದಲ್ಲಿ ಕಟ್ಟಿದರು. "ನೋಡಿದೇನು ಪ್ರೀತಿ, ನಿನ್ನ ಕೆಲಸ ಶುರುನೇ ಆತು."

ಸಾವಿತ್ರೀಬಾಯಿ ಗಂಟು ಹಿಡಿದು, ಚಪ್ಪಲಿ ಮೆಟ್ಟಿ, ಹೊಸ್ತಿಲು ದಾಟಿದರು, ಹಿಂದೆಯೇ ಪ್ರೀತಿ. ಯಾರ ಮನೆಯಲ್ಲಿ ಇಡುತ್ತೀ ಅಂತ ರಾಯರು ಕೇಳಲಿಲ್ಲ. ವಿಮಲಾಬಾಯಿಯ ಗೇಟು ಬಂತು, ಹೋಯಿತು.

"ಅಜ್ಜಿ, ಎಲ್ಲಿಗ್ರಿ?"

"ನಿಮ್ಮ ಮನಿಗಿ. ನಿಮ್ಮವ್ವ ಒಂದು ಗೂಡಿನ್ಯಾಗ ಜಾಗಾ ಕೊಡ್ತಾಳೋ ಇಲ್ಲೋ?"

ಬಸ್ಸಿನಲ್ಲಿ ಕಮಲಾಪುರ ಮುಟ್ಟುವ ತನಕ ಹುಡುಗಿ ಗಂಟನ್ನೇ ನೋಡುತ್ತಿದ್ದಳು. ಅವಳ ತಾಯಿ ಶಾರದಾಬಾಯಿ ಗಂಟನ್ನು ದೇವರ ಗೂಡಿನಲ್ಲಿಟ್ಟು ಕುಂಕುಮ ಹಚ್ಚಿದಳು. ಇವರಿಗೆ ಬಿಸಿ ರೊಟ್ಟಿ ಬಡಿದು ಹಾಕಿದಳು. ಉಂಡು ಕೈ ತೊಳೆಯುವಷ್ಟರಲ್ಲಿ ಫೋನ್ ಬಂತು.

"ಸಾವಿತ್ರಿ, ಎಲ್ಲಿದ್ದಿ? ವಿಮಲಾಬಾಯಿ ಇಲ್ಲಿಗಿ ಬಂದೇ ಇಲ್ಲ ಅಂತಾಳ!"

"ಕಮಲಾಪುರದಾಗ ಇದ್ದೀನ್ರಿ."

"ಕಮಲಾಪುರ? ಯಾರನ್ನ ಕೇಳಿ ಹೋದಿ? ಕಾಗದ ತಗೊಂಡು ಬಾ. ಅದರಾಗ ಒಂದು ಸಾಲು ತಿದ್ದೂದದ."

"ಹೆಂಗ ತರ್ಲಿ? ಪ್ರಸ್ಥಾನ ಇಟ್ಟದ್ದು. ಹೊಸ್ತಿಲು ತಿರುಗಿ ದಾಟಬಾರದು ಅಂತ ನೀವೇ ಹೇಳ್ತೀರಿ. ಇರೋದು ಒಂದು ಛೊಲೋ ಕಾಲು ನಿಮಗ."

"ನನಗ ಮೋಸ ಮಾಡಿದಿ."

"ಮಾಡೀನಿ. ಪ್ರತಿ ಸಲ ಕೈ ಎತ್ತಿದಾಕಿ ನಾ, ಒಂದು ಸಲ ಇಷ್ಟೂ ಮಾಡಬಾರದೇನು? ಹೇಳಿ ಹೇಳಿ ನನಗ ಸಾಕಾಗ್ಯದ. ಆ ಫಿಫಾದವಗ ಬೈದ್ರಿ, ಛೊಲೋ ಆತು. ಆ ಬೈಗುಳ ಒಂದಿನ ನಮ್ಮ ಮನಿಗೂ ಬರಲಿ. ಈ ಹುಡುಗ್ರು ಏನು ಮಾಡ್ಯಾವ್ರಿ? ಆಡ್ತೀವಿ ಅಂತಾವ, ಅಷ್ಟೇ. ಪೋಸ್ಟಿಗೆ ಹಾಕು ಅಂತ ನಿಮ್ಮ ಬಾಯಿಂದ ಬರಬೇಕು. ಕೂತು ಕಾಯ್ತೀನಿ."

ಆ ಕಡೆ ಟಿವಿಯ ಸದ್ದು ನಿಂತಿತು. ರಾಯರ ದನಿ ಇಳಿದಿತ್ತು.

"ಸಾವಿತ್ರಿ, ನಾಳಿಂದ ನನಗ ಯಾರು ಫೋನ್ ಮಾಡ್ತಾರ?"

ಇಷ್ಟು ವರ್ಷದಲ್ಲಿ ಅವರು ಖರೆ ಮಾತು ಆಡಿದ್ದು ಇದೇ ಮೊದಲು ಅನ್ನಿಸಿತು ಸಾವಿತ್ರೀಬಾಯಿಗೆ. ಸಿಟ್ಟು ಇಳಿಯಿತು. ಆದರೂ ಗಂಟು ಇಟ್ಟ ಗೂಡಿನಿಂದ ಕಣ್ಣು ತೆಗೆಯಲಿಲ್ಲ.

"ಪಂದ್ಯದ ದಿನ ಈ ಹುಡುಗಿ ಮಾಡ್ತಾಳ, ಗೆದ್ರ. ಸೋತ್ರ ನಾ ಮಾಡ್ತೀನಿ."

ಪಂಚಾಂಗದ ಹಾಳೆ ತಿರುವಿದ ಸಪ್ಪಳ.

"ಈಗ ರಾಹುಕಾಲ ನಡದದ. ಮೂರರ ತನಕ ತಡಿ. ಆಮ್ಯಾಲೆ ಹಾಕು."

ಪೋಸ್ಟ್ ಆಫೀಸಿನ ಬೆಂಚಿನ ಮೇಲೆ ಸಾವಿತ್ರೀಬಾಯಿ, ಪ್ರೀತಿ, ಅವಳ ಹಿಂದೆ ಹೇಳದೆ ಬಂದ ತಂಡದ ನಾಲ್ಕಾರು ಹುಡುಗಿಯರು ಸಾಲಾಗಿ ಕೂತರು. ಸಾವಿತ್ರೀಬಾಯಿ ಗಂಟು ಬಿಚ್ಚಿ ಅಕ್ಷತೆಯನ್ನು ಹುಡುಗಿಯರ ತಲೆಯ ಮೇಲೆ ಹಾಕಿದರು, ಅಡಿಕೆ ಬಾಯಿಗೆ ಹಾಕಿಕೊಂಡರು. ಗಡಿಯಾರದ ಮುಳ್ಳು ಮೂರು ದಾಟಿದ್ದೇ ಹುಡುಗಿಯರೆಲ್ಲ ಒಮ್ಮೆಲೇ ಎದ್ದು ನಿಂತರು. ಕೌಂಟರಿನವನು ಬೆದರಿ ತಲೆಯೆತ್ತಿದ.

"ಸ್ಪೀಡ್ ಪೋಸ್ಟ್. ಬೆಂಗಳೂರು. ಸೋಮವಾರದೊಳಗ ಮುಟ್ಟಬೇಕ್ರಿ."

"ಮುಟ್ಟತದ್ರಿ. ಕಳಿಸೋರ ಹೆಸರು ಬರದಿಲ್ಲಲ್ಲ?"

ಸಾವಿತ್ರೀಬಾಯಿ ಪೆನ್ನು ಕೇಳಿ ಇಸಿದುಕೊಂಡು ಲಕೋಟೆಯ ಮೂಲೆಯಲ್ಲಿ ನಿಧಾನವಾಗಿ ಬರೆದರು: ಸಾವಿತ್ರೀಬಾಯಿ, ಅಧ್ಯಕ್ಷೆ, ಖೂಬಾ ಪ್ಲಾಟ್ ಮಹಿಳಾ ಫುಟ್‌ಬಾಲ್ ಕ್ಲಬ್, ಕಲಬುರಗಿ.

ಆತ ಅದನ್ನು ಓದಿ, ಒಮ್ಮೆ ಅವರ ಕಾಲು ನೋಡಿ, ಮುದ್ರೆ ಒತ್ತಿ ಲಕೋಟೆಯನ್ನು ಹಿಂದಿನ ಚೀಲಕ್ಕೆ ಎಸೆದ.